ಬಿಸಿಲಿಗೂ ಒಂದು ಮಾಪಕ

ಕೇಳುಗರೆ, ನಮಸ್ಕಾರ.

ಕೊಡಗಿನಲ್ಲಿ ಮಳೆಮಾಪಕ ಇಲ್ಲದ ತೋಟ ಅಪರೂಪ. ನಿನ್ನೆ ಎಷ್ಟು ಇಂಚು, ಎಷ್ಟು ಸೆಂಟು ಎಂದು ಬೆಳಿಗ್ಗೆ ಕಾಫಿ ಕುಡಿಯುತ್ತಲೇ ಲೆಕ್ಕ ಹೇಳುತ್ತೇವೆ. ಬಿಸಿಲನ್ನು ಮಾತ್ರ ಕಣ್ಣಂದಾಜಿಗೆ ಬಿಟ್ಟಿದ್ದೇವೆ. ಕೆಲವರು ಥರ್ಮಾಮೀಟರ್ ನೋಡುತ್ತಾರೆ. ಅದು ಹೇಳುವುದು ಗಾಳಿಯ ಬಿಸಿಯನ್ನು. ಜನವರಿಯಲ್ಲಿ ಸ್ವೆಟರ್ ಹಾಕಿಕೊಂಡೇ ಕಣದಲ್ಲಿ ಕಾಫಿ ಹರಡುತ್ತೇವೆ, ಅದು ಚೆನ್ನಾಗಿಯೇ ಒಣಗುತ್ತದೆ. ಗಾಳಿ ತಣ್ಣಗಿದ್ದರೂ ಬಿಸಿಲು ಗಟ್ಟಿಯಾಗಿರಬಹುದು.

ಬಿಸಿಲಿನ ಹಳೆಯ ಮಾಪಕ ನೋಡಲು ಬಲು ಸೊಗಸು. ಸುಮಾರು ಹತ್ತು ಸೆಂಟಿಮೀಟರ್ ಅಗಲದ ಗಾಜಿನ ಗುಂಡು, ಅದರ ಹಿಂದೆ ಬಾಗಿದ ಲೋಹದ ಬಟ್ಟಲು, ಬಟ್ಟಲಿನೊಳಗೆ ಸಿಕ್ಕಿಸಿದ ಕಾಗದದ ಪಟ್ಟಿ. ಗುಂಡು ಬಿಸಿಲನ್ನು ಒಂದೇ ಚುಕ್ಕೆಗೆ ಕೂಡಿಸುತ್ತದೆ, ಆ ಚುಕ್ಕೆ ಪಟ್ಟಿಯನ್ನು ಸುಡುತ್ತದೆ. ಸೂರ್ಯ ಸರಿದ ಹಾಗೆ ಸುಟ್ಟ ಗೆರೆಯೂ ಸರಿಯುತ್ತದೆ. 1853ರಲ್ಲಿ ಸ್ಕಾಟ್ಲೆಂಡಿನ ಲೇಖಕ ಕ್ಯಾಂಪ್‌ಬೆಲ್ ಇದನ್ನು ರೂಪಿಸಿದರು, 1879ರಲ್ಲಿ ಭೌತವಿಜ್ಞಾನಿ ಸ್ಟೋಕ್ಸ್ ತಿದ್ದಿದರು. ಮೋಡ ಬಂದು ಹೋಗುವ ದಿನ ಗೆರೆ ತುಂಡುತುಂಡಾಗಿ ಬೀಳುತ್ತದೆ. ಕಕ್ಕಡ ತಿಂಗಳ ಮಳೆಯಲ್ಲಾದರೆ ಪಟ್ಟಿ ಒದ್ದೆಯಾಗುವುದೊಂದೇ ಬಂತು! ಆದರೆ ಈ ಉಪಕರಣ ಹೇಳುವುದು ಎಷ್ಟು ಹೊತ್ತು ಬಿಸಿಲಿತ್ತು ಎಂದಷ್ಟೇ. ಎಷ್ಟು ಶಕ್ತಿ ಬಂತು ಎಂದು ಹೇಳಲಾರದು.

ಅದಕ್ಕೆ ಪೈರನೋಮೀಟರ್ ಬೇಕು. ಕಪ್ಪು ಬಳಿದ ಪುಟ್ಟ ಬಿಲ್ಲೆ, ಮೇಲೆ ಒಂದರೊಳಗೊಂದು ಎರಡು ಗಾಜಿನ ಗುಮ್ಮಟ. ಬಿಲ್ಲೆ ಬಿಸಿಲು ಹೀರಿ ಕಾಯುತ್ತದೆ. ಅದಕ್ಕೂ ಉಪಕರಣದ ಒಡಲಿಗೂ ನಡುವಿನ ಬಿಸಿಯ ವ್ಯತ್ಯಾಸದಿಂದ ಬಿಸಿಯನ್ನು ವಿದ್ಯುತ್ತಾಗಿಸುವ ಥರ್ಮೋಪೈಲ್ ಎಂಬ ಭಾಗದಲ್ಲಿ ಅತಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಅದನ್ನೇ ಚದರ ಮೀಟರಿಗೆ ಇಷ್ಟು ವ್ಯಾಟ್ ಎಂದು ಓದುತ್ತಾರೆ. ವಾತಾವರಣದ ಹೊರಗೆ ಸೂರ್ಯನಿಗೆ ಎದುರಾದ ಒಂದು ಚದರ ಮೀಟರಿಗೆ ಬೀಳುವುದು ಸುಮಾರು 1361 ವ್ಯಾಟ್. ಶುಭ್ರ ಮಧ್ಯಾಹ್ನ ನೆಲ ತಲುಪುವುದು ಹತ್ತಿರ ಹತ್ತಿರ ಸಾವಿರ. ಒಂದು ವಿಚಿತ್ರವಿದೆ: ಬಿಳಿ ಮೋಡಗಳ ನಡುವೆ ಸೂರ್ಯ ಇಣುಕಿದಾಗ, ಮೋಡದ ಅಂಚಿನಿಂದ ಚದುರಿದ ಬೆಳಕೂ ಸೇರಿ, ಮೋಡವೇ ಇಲ್ಲದ ದಿನಕ್ಕಿಂತ ಹೆಚ್ಚು ಓದುವುದುಂಟು.

ಸೂರ್ಯನಿಂದ ನೇರ ಬಂದದ್ದನ್ನು ಮಾತ್ರ ಅಳೆಯಲು ಪೈರ್‌ಹೀಲಿಯೋಮೀಟರ್ ಇದೆ. ಅದು ಸದಾ ಸೂರ್ಯನತ್ತಲೇ ತಿರುಗುತ್ತಿರುವ ಕೊಳವೆ. ಪೈರನೋಮೀಟರಿಗೆ ಸೂರ್ಯ ಕಾಣದಂತೆ ಬಿಲ್ಲೆಯೋ ಬಳೆಯೋ ಅಡ್ಡ ಹಿಡಿದರೆ, ಆಕಾಶದಿಂದ ಚದುರಿ ಬಂದ ಬೆಳಕಿನ ಲೆಕ್ಕ ಸಿಗುತ್ತದೆ. ಮಂಜಿನ ನಾಡಾದ ನಮಗೆ ಈ ಚದುರಿದ ಪಾಲು ಮುಖ್ಯ.

ಉಪಯೋಗಕ್ಕೆ ಬರೋಣ. ಮನೆ ಮೇಲೆ ಸೋಲಾರ್ ವಿದ್ಯುತ್ ಪ್ಯಾನಲ್ ಹಾಕಿಸುವವರು "ಮಡಿಕೇರಿ ಚಳಿಗೆ ಇದು ನಡೆಯುತ್ತದೆಯೆ?" ಎಂದು ಕೇಳುತ್ತಾರೆ. ಚಳಿಯಿಂದ ತೊಂದರೆಯಿಲ್ಲ, ಪ್ಯಾನಲ್ ಕಾದಷ್ಟೂ ಅದರ ಉತ್ಪಾದನೆ ಇಳಿಯುತ್ತದೆ. ಮಳೆಗಾಲದ ಮೋಡ, ಪಕ್ಕದ ಸಿಲ್ವರ್ ಓಕ್ ನೆರಳು, ಇವೇ ನಿಜವಾದ ಕಳ್ಳರು. ಮಾಪಕವನ್ನು ಇಡುವಾಗಲೂ ಅಷ್ಟೆ: ಸುತ್ತ ಮರ ಬೇಡ, ಮಟ್ಟ ತೋರಿಸುವ ಗಾಳಿಗುಳ್ಳೆ ನಡುವಿರಲಿ, ಗುಮ್ಮಟದ ಮೇಲಿನ ಇಬ್ಬನಿ ಮತ್ತು ಧೂಳು ಒರೆಸಬೇಕು.

ನನ್ನ ಮಟ್ಟಿಗೆ ತೋಟದವರಿಗೆ ಹೆಚ್ಚು ಲಾಭವಿರುವುದು ಮರಗಸಿಯಲ್ಲಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸದಲ್ಲಿ. ಗಿಡ ಆಹಾರ ತಯಾರಿಸಲು ಬಳಸುವ, 400ರಿಂದ 700 ನ್ಯಾನೋಮೀಟರ್ ತರಂಗದ ಬೆಳಕನ್ನಷ್ಟೇ ಅಳೆಯುವ ಸೆನ್ಸರುಗಳಿವೆ. ಒಂದನ್ನು ಬಯಲಿನಲ್ಲಿಟ್ಟು, ಇನ್ನೊಂದನ್ನು ಕಾಫಿ ಗಿಡದ ನೆತ್ತಿಯ ಮಟ್ಟದಲ್ಲಿ ಹಿಡಿದರೆ, ನೆರಳಿನ ಮರಗಳು ನೂರಕ್ಕೆ ಎಷ್ಟು ಪಾಲು ತಡೆದಿವೆ ಎಂದು ತಿಳಿಯುತ್ತದೆ. ಎಲೆಗಳ ಸಂದಿನಿಂದ ಬಿದ್ದ ಬಿಸಿಲ ಚುಕ್ಕೆಯಲ್ಲಿ ಒಂದು ಅಂಕಿ, ಅರ್ಧ ಅಡಿ ಆಚೆ ಇನ್ನೊಂದು. ಆದ್ದರಿಂದ ಉದ್ದನೆಯ ಕೋಲಿನಂಥ ಸೆನ್ಸರನ್ನು ಸಾಲಿನುದ್ದಕ್ಕೂ ಹಲವು ಕಡೆ ಹಿಡಿದು ಸರಾಸರಿ ತೆಗೆಯಬೇಕು. ಕೊಂಬೆ ಕಡಿಯುವ ಮೊದಲು ಒಮ್ಮೆ, ಕಡಿದ ಮೇಲೆ ಅದೇ ಜಾಗಗಳಲ್ಲಿ, ಅದೇ ಹೊತ್ತಿಗೆ ಇನ್ನೊಮ್ಮೆ.

ನಮಸ್ಕಾರ.