ಬಾಡಿಗೆ ಗೋಡೆಗೆ ಸಾಕು, ನೆಲಕ್ಕೆ ಸಾಲದು

ನಮಸ್ಕಾರ. ಹೋದ ತಿಂಗಳು ನಮ್ಮ ಅಕ್ಕನ ಮಗ ಬಳ್ಳಾರಿಯ ನಮ್ಮ ಮನೆಗೆ ಬಂದ. ಕೈಯಲ್ಲಿ ಯಾರದೋ ಮದುವೆ ಕಾರ್ಡು. ಕರೆಯೋಕೆ ಬಂದನೇನೋ ಅಂದುಕೊಂಡೆ. ನೋಡಿದರೆ ಕಾರ್ಡಿನ ಹಿಂದೆ ಲೆಕ್ಕ ಬರೆದಿದ್ದ.

"ಮಾವ, ಯೂನಿವರ್ಸಿಟಿ ಕಡೆ ಒಂದು ಸೈಟು ಐತೆ. ಮೂವತ್ತು ನಲವತ್ತು. ಎಂಟು ರೂಮು ಹಾಕಿದ್ರೆ ಹುಡುಗರು ಬಂದೇ ಬರ್ತಾರೆ. ಆಮೇಲೆ ಕೂತು ಉಣ್ಣೋದೇ."

ಕಾರ್ಡಿನ ಮೇಲಿದ್ದದ್ದು ಇಷ್ಟು. ಸೈಟು 30 ಲಕ್ಷ, ಕಟ್ಟೋದಕ್ಕೆ 30 ಲಕ್ಷ. ರೂಮಿಗೆ 6,000 ಬಾಡಿಗೆ, ಎಂಟು ರೂಮಿಗೆ ತಿಂಗಳಿಗೆ 48,000. ವರ್ಷಕ್ಕೆ 5,76,000. ಅದರ ಕೆಳಗೆ ಎರಡು ಗೆರೆ ಎಳೆದಿದ್ದ. ಲೆಕ್ಕ ಮುಗಿಯಿತು ಅಂತ.

ನಾನು ಪೆನ್ನು ಇಸಕೊಂಡು ಗೆರೆಯ ಕೆಳಗಿಂದ ಬರೆಯೋಕೆ ಶುರು ಮಾಡಿದೆ.

ನನಗೂ ನಾಲ್ಕು ರೂಮಿವೆ. ಕಂಟೋನ್ಮೆಂಟ್ ಕಡೆ, ಮನೆಯ ಮೇಲೆ. ನಮ್ಮ ಬಳ್ಳಾರಿಗೆ ಓದೋ ಮಕ್ಕಳು ಬರೋದು ಹೊಸದಲ್ಲ. ಮೆಡಿಕಲ್ ಕಾಲೇಜು 1961ರದ್ದು. ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಲ್ಲಿ ಆಯಿತು. ಇಂಜಿನಿಯರಿಂಗ್ ಕಾಲೇಜುಗಳಿವೆ. ನರ್ಸಿಂಗ್, ಪ್ಯಾರಾಮೆಡಿಕಲ್, ಬಿ.ಎಡ್., ಜೊತೆಗೆ ಪಿಎಸ್ಐ, ಎಫ್‌ಡಿಎ ಪರೀಕ್ಷೆಗೆ ಓದುವವರು. ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗದ ಮಕ್ಕಳಿಗೆ ಇಲ್ಲಿನ ಕಾಲೇಜುಗಳಲ್ಲೇ ಸೀಟು ಮೀಸಲು. ಹಾಗಾಗಿ ಹುಡುಗರು ಬರ್ತಾರೆ ಅನ್ನೋದು ಸುಳ್ಳಲ್ಲ. ಆದರೆ ಎಷ್ಟು ತಿಂಗಳು ಇರ್ತಾರೆ?

ಹತ್ತು ತಿಂಗಳು. ಇದು ನಾನು ಸುಮ್ನೆ ಹೇಳ್ತಿಲ್ಲ. ಹಾಸ್ಟೆಲ್ ಸೀಟು ಸಿಗದ ಮಕ್ಕಳ ಊಟ, ವಸತಿಗೆ ಅಂತ ಸರ್ಕಾರದ ವಿದ್ಯಾಸಿರಿ ಯೋಜನೆ ಇದೆಯಲ್ಲ, ತಿಂಗಳಿಗೆ 1,500 ಅಂತ ಶುರುವಾಗಿದ್ದು? ಅದನ್ನು ಕೊಡೋದೂ ವರ್ಷಕ್ಕೆ ಹತ್ತೇ ತಿಂಗಳಿಗೆ. ಪರೀಕ್ಷೆ ಮುಗಿದ ಮರುದಿನ ಹುಡುಗ ಬಕೆಟ್ಟು, ಹಾಸಿಗೆ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗ್ತಾನೆ. ಮೇ ತಿಂಗಳ ಬಳ್ಳಾರಿ ಬಿಸಿಲಲ್ಲಿ, ಸ್ಲ್ಯಾಬಿನ ಕೆಳಗಿನ ರೂಮಲ್ಲಿ, ಬಾಡಿಗೆ ಕೊಟ್ಟು ಯಾರು ಬೇಯ್ತಾರೆ ಹೇಳಿ.

ಹತ್ತು ತಿಂಗಳಿಗೆ 4,80,000 ಆಯಿತು. ಈಗ ಖರ್ಚು. ಎಲ್ಲಕ್ಕಿಂತ ಮೊದಲು ನೀರು. ನಮ್ಮ ಓಣಿಯಲ್ಲಿ ನಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ಒಂದು ಸಂಸಾರ ಆದರೆ ಕೊಡದ ಲೆಕ್ಕದಲ್ಲಿ ಬದುಕುತ್ತದೆ. ರೂಮಿಗಿಬ್ಬರಂತೆ ಹದಿನಾರು ಹುಡುಗರು ಬದುಕೋದಿಲ್ಲ. ದಿನಕ್ಕೆರಡು ಸ್ನಾನ, ಭಾನುವಾರ ಜೀನ್ಸ್ ಪ್ಯಾಂಟು ಒಗೆಯೋದು. ಜೀನ್ಸ್ ಹೊಲಿಯೋ ಊರಲ್ಲಿ ಅದನ್ನ ತಪ್ಪು ಅನ್ನೋಕೂ ಬಾಯಿ ಬರಲ್ಲ ಬಿಡಿ. ಸಂಪು ಬತ್ತಿದಾಗ ಟ್ಯಾಂಕರ್. ಮೋಟರ್ ಸುಟ್ಟಾಗ ವೈಂಡಿಂಗ್. ಆಸ್ತಿ ತೆರಿಗೆ, ಮೆಟ್ಟಿಲು ಲೈಟು, ಕಸ ಗುಡಿಸೋಕೆ ಬರೋ ಅಮ್ಮನ ಸಂಬಳ, ವರ್ಷಕ್ಕೊಮ್ಮೆ ಸುಣ್ಣ ಬಣ್ಣ. ಎಂಟು ರೂಮಿಗೆ 70,000 ಹಿಡಿದೆ. ಅದೂ ಕಡಿಮೆಯೇ. ಉಳಿದದ್ದು 4,10,000.

ಅವನ ಹತ್ತಿರ ಇರೋದು ಹೊಲ ಮಾರಿದ 20 ಲಕ್ಷ. ಮಿಕ್ಕ 40 ಲಕ್ಷ ಬ್ಯಾಂಕ್ ಸಾಲ. ನೂರಕ್ಕೆ ಒಂಬತ್ತು ಬಡ್ಡಿ, 20 ವರ್ಷ ಅಂತ ಹಿಡಿದರೆ ಕಂತು ತಿಂಗಳಿಗೆ ಹತ್ತತ್ತಿರ 36,000. ವರ್ಷಕ್ಕೆ 4,32,000. ಅಂದರೆ 20 ಲಕ್ಷ ಹಾಕಿದವನೇ ವರ್ಷಕ್ಕೆ ಮತ್ತೆ 22,000 ಕೈಯಿಂದ ಹಾಕಬೇಕು. ಮೊದಲ ವರ್ಷದ ಕಂತಿನಲ್ಲಿ ಸುಮಾರು 75,000 ಅಸಲಿಗೆ ಹೋಗುತ್ತದೆ, ಅದು ಅವನದೇ ಉಳಿತಾಯ, ಒಪ್ಪಿದೆ. ಆದರೆ ಅದೇ 20 ಲಕ್ಷ ಏನೂ ಮಾಡದೆ ಬ್ಯಾಂಕಲ್ಲಿ ಮಲಗಿದ್ದರೂ ಅದಕ್ಕಿಂತ ಜಾಸ್ತಿ ಬಡ್ಡಿ ಬರುತ್ತಿತ್ತಲ್ವಾ?

ಅವನು ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ಎಲ್ಲರೂ ಹೇಳೋ ಮಾತನ್ನೇ ಹೇಳಿದ. "ಮಾವ, ಬಾಡಿಗೆ ಬಿಡು. ಸೈಟಿನ ರೇಟು ಏರೇ ಏರುತ್ತಲ್ಲ."

ಈ ಮಾತನ್ನು ಬೇರೆ ಊರಿನವರು ಹೇಳಲಿ. ಬಳ್ಳಾರಿಯವರು ಹೇಳಬಾರದು.

ನೆನಪಿದೆಯಾ ಆ ದಿನಗಳು? 2008ರ ಬೀಜಿಂಗ್ ಒಲಿಂಪಿಕ್ಸಿಗೆ ಮುಂಚಿನ ವರ್ಷಗಳು. ಚೀನಾಕ್ಕೆ ನಮ್ಮ ಗಣಿಗಳ ಕಬ್ಬಿಣದ ಅದಿರು ಎಷ್ಟು ಕೊಟ್ಟರೂ ಸಾಲದು. ಸಂಡೂರು ರಸ್ತೆ, ಹೊಸಪೇಟೆ ರಸ್ತೆ ತುಂಬ ಲಾರಿ. ಅದಿರಿನ ಧೂಳಿಗೆ ಬೇವಿನ ಎಲೆ ಹಸಿರೋ ಕೆಂಪೋ ಗೊತ್ತಾಗುತ್ತಿರಲಿಲ್ಲ. ಹೆಲಿಕಾಪ್ಟರ್ ಸದ್ದು ಕೇಳಿದರೆ ಮಕ್ಕಳು ಕೂಡ ತಲೆ ಎತ್ತುತ್ತಿರಲಿಲ್ಲ. ಮನೆಗಳಿಗೆ ಕಂಪನಿಯವರು ಕೇಳಿದಷ್ಟು ಬಾಡಿಗೆ ಕೊಟ್ಟರು. ಊರ ಸುತ್ತ ಜೋಳದ ಹೊಲಗಳಲ್ಲಿ ಬಿಳಿ ಕಲ್ಲು ನೆಟ್ಟು ಸೈಟು ಅಂತ ಮಾರಿದರು. ಬೆಳಿಗ್ಗೆ ಒಂದು ರೇಟು, ಸಂಜೆ ಒಂದು ರೇಟು.

ನಾನೂ ಕೊಂಡೆ. 2009ರಲ್ಲಿ, 9 ಲಕ್ಷಕ್ಕೆ. ಕೊಂಡ ವಾರಕ್ಕೇ ಒಬ್ಬರು ಹತ್ತೂವರೆ ಲಕ್ಷಕ್ಕೆ ಕೇಳಿದರು. ಕೊಡಲಿಲ್ಲ. ಹದಿನೈದು ಆಗಲಿ ಅಂದೆ. ನನ್ನಂಥ ಬುದ್ಧಿವಂತ ಇನ್ನೊಬ್ಬ ಇಲ್ಲ ಅನ್ನಿಸಿತ್ತು.

2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಪೆಟ್ರೋಲ್ ಬಂಕುಗಳ ಪಕ್ಕ ನಿಂತವು. ನಿಂತಲ್ಲೇ ಟೈರು ಬಿರುಕು ಬಿಟ್ಟವು. ಫೈನಾನ್ಸಿನವರು ಬಂದು ಒಂದೊಂದಾಗಿ ಎಳೆದುಕೊಂಡು ಹೋದರು. 2013ರಲ್ಲಿ ಕೋರ್ಟು ಕೆಲವು ಗಣಿಗಳಿಗೆ ಮತ್ತೆ ಅನುಮತಿ ಕೊಟ್ಟಿತು, ಆದರೆ ಆ ಹುಚ್ಚು ತಿರುಗಿ ಬರಲಿಲ್ಲ. ನನ್ನ 9 ಲಕ್ಷದ ಸೈಟನ್ನು 2012ರಲ್ಲಿ 6ಕ್ಕೂ ಯಾರೂ ಕೇಳಲಿಲ್ಲ. ಜಾಲಿ ಬೆಳೆಯಿತು. ವರ್ಷಕ್ಕೆರಡು ಸಲ ಜಾಲಿ ಕಡಿಸೋ ಖರ್ಚು ಬೇರೆ. ಕೊನೆಗೆ 2019ರಲ್ಲಿ ಮಗಳ ಮದುವೆಗೆ ಹತ್ತೂವರೆಗೆ ಮಾರಿದೆ. ಹೌದು, ಹತ್ತು ವರ್ಷದ ಹಿಂದೆ ಕೇಳಿದ ಅದೇ ಹತ್ತೂವರೆ. ಬ್ಯಾಂಕಲ್ಲಿಟ್ಟಿದ್ದರೆ ಅಷ್ಟು ಹೊತ್ತಿಗೆ ದುಡ್ಡು ಹತ್ತತ್ತಿರ ಎರಡರಷ್ಟು ಆಗುತ್ತಿತ್ತು.

ಅದಕ್ಕೇ ನಾನು ಈ ಅಳಿಯನಿಗೆ, ಅಕ್ಕನ ಮಗನಿಗೆ, ಹೇಳಿದ್ದು: ನಮ್ಮಂಥ ಊರಲ್ಲಿ ಬಾಡಿಗೆ ಗೋಡೆಗೆ ಸಾಕಾಗುತ್ತದೆ, ನೆಲಕ್ಕೆ ಸಾಕಾಗುವುದಿಲ್ಲ. ಕಟ್ಟಿದ ದುಡ್ಡನ್ನು ಹುಡುಗರ ಬಾಡಿಗೆ ತೀರಿಸುತ್ತದೆ. ನೆಲ ಕೊಂಡ ದುಡ್ಡನ್ನು ತೀರಿಸೋದಿಲ್ಲ. ನೆಲಕ್ಕೆ ಹಾಕಿದ್ದು ಜೂಜು. ರೂಮು ಕಟ್ಟಿ ಆ ಜೂಜಿಗೆ ಒಂದು ಬಣ್ಣ ಹಚ್ಚುತ್ತೀವಿ, ಅಷ್ಟೇ.

ನನ್ನ ರೂಮುಗಳು ಲಾಭದಲ್ಲಿರೋದು ನಾನು ಜಾಣ ಅಂತಲ್ಲ. ನೆಲ ನಮ್ಮಪ್ಪನದು.

ಇನ್ನೊಂದು ವಿಷಯ. ಬರೋ ಹುಡುಗರನ್ನ ನೀವು ಲೆಕ್ಕ ಹಾಕ್ತೀರಿ. ಬರದೇ ಇರೋಕೆ ಅವರಿಗೇನು ದಾರಿ ಇದೆ ಅಂತ ಲೆಕ್ಕ ಹಾಕಲ್ಲ. ನನ್ನ ಮೂರನೇ ರೂಮಲ್ಲಿ ಕುರುಗೋಡಿನ ಇಬ್ಬರು ಹುಡುಗಿಯರಿದ್ದರು. ಒಳ್ಳೆ ಮಕ್ಕಳು, ಐದನೇ ತಾರೀಕಿಗೆ ಬಾಡಿಗೆ ಕೈಗೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಬಸ್ ಫ್ರೀ. ಮುಂದಿನ ತಿಂಗಳೇ ಬಂದು, "ಅಂಕಲ್, ನಾವು ಊರಿಂದಾನೇ ಓಡಾಡ್ತೀವಿ" ಅಂದರು. ಸಂತೋಷವೇ ಆಯಿತು, ಸಂಜೆ ಅಮ್ಮನ ಕೈಯೂಟ. ನನ್ನ ರೂಮು ನಾಲ್ಕು ತಿಂಗಳು ಖಾಲಿ. ಕಾಲೇಜು ತನ್ನದೇ ಹೊಸ ಹಾಸ್ಟೆಲ್ ಕಟ್ಟಿದರೂ ಇದೇ ಕತೆ. ನಿಮ್ಮ ಎಂಟೂ ರೂಮು ಒಂದೇ ಕಾಲೇಜನ್ನು ನಂಬಿಕೊಂಡಿದ್ದರೆ, ಆ ಕಾಲೇಜಿನ ಖಾಲಿ ಜಾಗದಲ್ಲಿ ಪಾಯ ತೋಡಿದ ದಿನ ನಿಮಗೆ ನಿದ್ದೆ ಬರೋದಿಲ್ಲ.

ರೂಮು ಖಾಲಿ ಇರೋಕೆ ನಾವೇ ಕಾರಣ ಆಗೋದೂ ಉಂಟು. ಬೋರ್ಡು ಹಾಕಿರ್ತೀವಿ, ಹುಡುಗ ಬಂದು ಕೇಳಿದ ಕೂಡಲೇ "ಯಾವ ಜನ?" ಅಂತೀವಿ. ಮೊಟ್ಟೆ ಬೇಯಿಸಬಾರದು ಅಂತೀವಿ. ನಾನೂ ಮೊದಲ ಎರಡು ವರ್ಷ ಹಾಗೇ ಮಾಡಿದವನು, ನಾಚಿಕೆ ಬಿಟ್ಟು ಹೇಳ್ತೀನಿ. ಆಗ ನನ್ನ ಎರಡು ರೂಮು ಸದಾ ಖಾಲಿ. ಈಗ ಕೇಳೋದು ಎರಡೇ: ಆಧಾರ್ ಕಾರ್ಡು, ಅಪ್ಪನ ಫೋನ್ ನಂಬರು.

ಆ ಅಪ್ಪನ ನಂಬರ್ ಬಗ್ಗೆ ಒಂದು ಹೇಳಲೇಬೇಕು. ಸಿರುಗುಪ್ಪದ ಕಡೆಯ ಒಬ್ಬ ಹುಡುಗ ಎರಡು ತಿಂಗಳ ಬಾಡಿಗೆ ಉಳಿಸಿ ಹೇಳದೇ ಹೋಗಿಬಿಟ್ಟ. ಅಪ್ಪನಿಗೆ ಫೋನ್ ಮಾಡಿದೆ. ಎಂಟು ದಿನಕ್ಕೆ ಬಂದರು, ತಲೆ ಮೇಲೆ ಒಂದು ಚೀಲ ಸೋನಾ ಮಸೂರಿ ಹೊತ್ತುಕೊಂಡು. "ಭತ್ತದ ದುಡ್ಡು ಇನ್ನೂ ಬಂದಿಲ್ರೀ, ಇದು ಇಟ್ಕೊಳ್ರಿ" ಅಂದರು. ದುಡ್ಡನ್ನೂ ಆಮೇಲೆ ಕೊಟ್ಟರು. ಆ ಚೀಲವನ್ನು ಯಾವ ಖಾತೆಯಲ್ಲಿ ಬರೆಯಲಿ? ಮನೆಯವಳು ಇವತ್ತಿಗೂ ಅಂಥ ಅಕ್ಕಿ ಮತ್ತೆ ಸಿಗಲಿಲ್ಲ ಅಂತಾಳೆ.

ಕಾಗದ ಪತ್ರದ ವಿಷಯ ಬೇಗ ಹೇಳಿಬಿಡ್ತೀನಿ. ಅಳಿಯ ತೋರಿಸಿದ ಸೈಟಿಗೆ "ಎನ್.ಎ. ಆಗೈತೆ" ಅಂತ ಏಜೆಂಟ್ ಹೇಳಿದ್ದನಂತೆ. ಎನ್.ಎ. ಅಂದರೆ ಹೊಲ ಹೊಲವಾಗಿ ಉಳಿದಿಲ್ಲ ಅಂತ ಮಾತ್ರ. ಲೇಔಟಿಗೆ ಬುಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದ, ಅಪ್ರೂವಲ್ ಆಗಿದೆಯಾ, ಅದು ಬೇರೆ ಪ್ರಶ್ನೆ. 500 ಚದರ ಮೀಟರಿಗಿಂತ ದೊಡ್ಡ ಹೊಸ ಲೇಔಟ್ ಆದರೆ ರೇರಾ (ರಿಯಲ್ ಎಸ್ಟೇಟ್ ಪ್ರಾಧಿಕಾರ) ನಂಬರ್ ಇರಬೇಕು. ಪಂಚಾಯ್ತಿ ಜಾಗ ಆದರೆ ಇ-ಸ್ವತ್ತಿನಲ್ಲಿ, ಅಂದರೆ ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆಯಲ್ಲಿ, ನಮೂನೆ 9 ಮತ್ತು 11ಎ ಕೇಳಿ. ಅಪ್ರೂವಲ್ ಇಲ್ಲದ ಜಾಗಕ್ಕೆ ಕೊಡೋ 11ಬಿ ತೋರಿಸಿ "ಎರಡೂ ಒಂದೇ ಸಾರ್" ಅಂದರೆ ಎದ್ದು ಬನ್ನಿ. ಗುಂಟೆ ಲೆಕ್ಕದಲ್ಲಿ ಹೊಲ ಸೀಳಿ ಮಾರೋ ರೆವಿನ್ಯೂ ಸೈಟಿನ ಬಗ್ಗೆ ಮಾತಾಡೋದೇ ಬೇಡ.

ಕರೆಂಟಿಂದು ಮಾತ್ರ ಮರೀಬೇಡಿ. ರೂಮು ರೂಮಿಗೂ ಬೇರೆ ಮೀಟರ್ ಹಾಕಿಸಿ. ಗೃಹಜ್ಯೋತಿಯ ಫ್ರೀ ಕರೆಂಟು ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಎಂಟು ರೂಮಿಗೆ ಒಂದೇ ಮೀಟರ್ ಆದರೆ ಹತ್ತೇ ದಿನಕ್ಕೆ 200 ದಾಟುತ್ತದೆ. ಆಮೇಲೆ ಯಾರ ರೂಮಲ್ಲಿ ಕೂಲರ್ ಓಡಿತು ಅಂತ ತಿಂಗಳು ತಿಂಗಳು ಪಂಚಾಯ್ತಿ.

ಅಳಿಯ ನಡುವೆ ಇನ್ನೊಂದು ಎತ್ತಿದ. ರೂಮು ಬೇಡ, ಊಟ ಹಾಕಿ ಪಿಜಿ ಮಾಡೋಣ, ಜಿಎಸ್‌ಟಿ ಬೀಳುತ್ತಾ ಅಂತ. ತಿಂಗಳಿಗೆ ತಲೆಗೆ 20,000 ಒಳಗಿದ್ದು, ಹುಡುಗ ಒಂದೇ ಸಮನೆ 90 ದಿನ ಇದ್ದರೆ ಹಾಸ್ಟೆಲ್ ವಾಸಕ್ಕೆ ಜಿಎಸ್‌ಟಿ ಇಲ್ಲ ಅಂತ 2024ರಲ್ಲೇ ಮಾಡಿದ್ದಾರೆ. ತೆರಿಗೆ ಅಲ್ಲಪ್ಪ ಕಷ್ಟ, ಬೆಳಿಗ್ಗೆ ಐದಕ್ಕೆ ಎದ್ದು ಉಪ್ಪಿಟ್ಟಿಗೆ ರವೆ ಹುರಿಯೋರು ಯಾರು ಅಂದೆ. ನಕ್ಕ. ಪಿಜಿ ಅಂದರೆ ಹೋಟೆಲ್. ಹೋಟೆಲ್ ನಡೆಸಿ ಗೊತ್ತಿರೋರು ಮಾಡಲಿ.

ಆಮೇಲೆ ಕಾರ್ಡನ್ನು ಆ ಕಡೆ ತಿರುಗಿಸಿ, ವಧೂವರರ ಹೆಸರಿನ ಕೆಳಗೆ ಸ್ವಲ್ಪ ಜಾಗ ಇತ್ತು, ಅಲ್ಲಿ ಇನ್ನೊಂದು ಲೆಕ್ಕ ಬರೆದೆ. ಅಕ್ಕನ ಮನೆಯ ಮೇಲೆ ಖಾಲಿ ತಾರಸಿ ಇದೆ. ಕೆಳಗಿನ ಪಿಲ್ಲರ್ ಗಟ್ಟಿ, ಇಂಜಿನಿಯರ್‌ಗೆ ಒಮ್ಮೆ ತೋರಿಸಿದರೆ ಆಯಿತು. ಎರಡು ರೂಮು, ಬಾತ್‌ರೂಮು, ಹೊರಗಿಂದ ಮೆಟ್ಟಿಲು, ಎಲ್ಲ ಸೇರಿ 8 ಲಕ್ಷ. ಎರಡು ರೂಮಿಗೆ 12,000, ಹತ್ತು ತಿಂಗಳಿಗೆ 1,20,000. ಖರ್ಚು 20,000 ಕಳೆದರೆ ಒಂದು ಲಕ್ಷ. ಸಾಲ ಇಲ್ಲ. 12 ಲಕ್ಷ ಇನ್ನೂ ಬ್ಯಾಂಕಲ್ಲೇ ಇರುತ್ತದೆ. ಆದಾಯ ತೆರಿಗೆಯಲ್ಲೂ, ಮನೆ ಬಾಡಿಗೆಯಿಂದ ಆಸ್ತಿ ತೆರಿಗೆ ಕಳೆದು ಉಳಿದದ್ದರಲ್ಲಿ ನೂರಕ್ಕೆ 30 ಬಿಡುತ್ತಾರೆ.

"ಇಷ್ಟೇನಾ ಮಾವ?" ಅಂದ. ಮುಖ ಸ್ವಲ್ಪ ಇಳಿದಿತ್ತು. ಎಂಟು ರೂಮಿನ ಓನರ್ ಆಗೋಕೆ ಬಂದವನು, ಪಾಪ.

ಆದರೂ ಮರುದಿನ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಅಳತೆ ಹಾಕಿಸಿದ್ದಾನೆ. ಈಗ ತಕರಾರು ನಮ್ಮ ಅಕ್ಕನದು. ಮೆಟ್ಟಿಲು ಬರೋ ಜಾಗದಲ್ಲೇ ಅವಳು ಸಂಡಿಗೆ ಒಣಗಿಸೋದಂತೆ. ತಾರಸಿ ಮೇಲೆ ಹುಡುಗರು ಬಂದ ಮೇಲೆ ಅಲ್ಲೂ ಆಗಲ್ಲ, ಇಲ್ಲೂ ಆಗಲ್ಲ, ನಾನು ಸಂಡಿಗೆ ಎಲ್ಲಿ ಹಾಕಲಿ ಅಂತ ನಿನ್ನೆ ನನಗೇ ಫೋನ್ ಮಾಡಿ ಬೈದಳು. ಅದಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ.