ಬೆನ್ನ ಹಿಂದಿನ ಎಂಜಿನ್ನಿಗೆ ತಂಪು ಗಾಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ಏಪ್ರಿಲ್ ತಿಂಗಳಲ್ಲಿ ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಪತ್ರಾ ಕೆಲಸದ, ಅಂದರೆ ತಗಡಿನ ಕೆಲಸದ, ಅಂಗಡಿಗೆ ಒಂದು ಸ್ಪೋರ್ಟ್ಸ್ ಕಾರು ಬಂತು. ಎರಡೇ ಸೀಟು. ಎಂಜಿನ್ ಕೂತಿರುವುದು ಸೀಟಿನ ಬೆನ್ನಿಗೆ, ಹಿಂದಿನ ಗಾಲಿಗಳ ಮುಂದೆ. ಕಾರಿನ ಮಾಲೀಕರು ಹೇಳಿದ್ದು ಇಷ್ಟು: “ಹೈವೇದಾಗ ಛಲೋ ಓಡತೈತ್ರಿ. ಊರಾಗ ಎರಡು ಸಿಗ್ನಲ್ ನಿಂತ್ರ ಸಾಕು, ಪಿಕಪ್ಪೇ ಇರಂಗಿಲ್ಲ.”

ಹಿಂದಿನ ಮುಚ್ಚಳ ಎತ್ತಿದಾಗ ಮುಖಕ್ಕೆ ಝಳ ಹೊಡೆಯಿತು. ಯಾರೋ ಕಂಪನಿಯ ಏರ್ ಫಿಲ್ಟರ್ ಡಬ್ಬಿಯನ್ನು ಕಿತ್ತು, ಶಂಕುವಿನಾಕಾರದ ಬಯಲು ಫಿಲ್ಟರ್ ಕೂಡಿಸಿದ್ದರು. ಅದರ ಸದ್ದು ಗಡಸಾಗಿರುತ್ತದೆ, ಹುಡುಗರಿಗೆ ಇಷ್ಟ. ಆದರೆ ಒಂದು ಗೇಣು ದೂರದಲ್ಲೇ ಸೈಲೆನ್ಸರ್ ಪೈಪುಗಳು. ಒಲೆಯ ಮುಂದೆ ಎರಡು ತಾಸು ರೊಟ್ಟಿ ಬಡಿದ ತಾಯಿ ಉಸಿರಿಗಾಗಿ ಪಡಸಾಲೆಗೆ ಬರುತ್ತಾಳೆ. ಈ ಎಂಜಿನ್ನಿಗೆ ಪಡಸಾಲೆಯೇ ಇರಲಿಲ್ಲ.

ಮುಂದೆ ಎಂಜಿನ್ ಇರುವ ಕಾರಿಗೆ ಈ ಕಷ್ಟ ಕಡಿಮೆ. ಎದುರಿನ ಗಾಳಿ ಜಾಲರಿಯೊಳಗೆ ತಾನಾಗಿ ನುಗ್ಗುತ್ತದೆ. ನಡುವೆ ಎಂಜಿನ್ ಇಟ್ಟರೆ ಕಾರಿನ ತೂಕ ಹದವಾಗಿ ಹಂಚಿಹೋಗಿ ತಿರುವಿನಲ್ಲಿ ಚೆನ್ನಾಗಿ ತಿರುಗುತ್ತದೆ ನಿಜ, ಆದರೆ ಎಂಜಿನ್ ಮುಚ್ಚಿದ ಕೋಣೆಗೆ ಸೇರುತ್ತದೆ.

ತಂತಿಯ ತುದಿಯಲ್ಲಿ ಮೂತಿ ಇರುವ ಸಣ್ಣ ಥರ್ಮಾಮೀಟರನ್ನು ಫಿಲ್ಟರಿನ ಬಾಯಿಗೆ ಕಟ್ಟಿ ಹೊರಟೆವು. ಹೊರಗೆ 36 ಡಿಗ್ರಿ. ಕಾಕತಿ ದಾಟಿ ಹೆದ್ದಾರಿಯಲ್ಲಿ ಓಡುವಾಗ 44. ವಾಪಸು ಬಂದು ಗೋಗಟೆ ಸರ್ಕಲ್ ಹತ್ತಿರ ಹತ್ತು ನಿಮಿಷ ಎಂಜಿನ್ ಚಾಲೂ ಇಟ್ಟು ನಿಂತಾಗ 68.

ಈ ಅಂಕಿಯ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಕಾದಷ್ಟೂ ತೆಳ್ಳಗಾಗುತ್ತದೆ. ಸೆಲ್ಸಿಯಸ್ ಅಂಕಿಗೆ 273 ಕೂಡಿಸಿ ಲೆಕ್ಕ ಹಾಕಬೇಕು: 36 ಡಿಗ್ರಿಗೆ 309, 68ಕ್ಕೆ 341. ಅಂದರೆ ಅದೇ ಸಿಲಿಂಡರಿನೊಳಗೆ ನೂರಕ್ಕೆ ಒಂಬತ್ತು ಪಾಲು ಗಾಳಿ ಕಡಿಮೆ. ಶಕ್ತಿ ಅದೇ ಅಳತೆಯಲ್ಲಿ ಇಳಿಯದಿರಬಹುದು. ಆದರೆ ಬಿಸಿ ಗಾಳಿಯಲ್ಲಿ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿದು ಎಂಜಿನ್ ಟಕಟಕ ಬಡಿಯುವ ಭಯವಿದೆ. ಅದನ್ನು ತಡೆಯಲು ಈಗಿನ ಎಂಜಿನ್ನಿನ ಕಂಪ್ಯೂಟರ್ ಕಿಡಿಯನ್ನೇ ತಡಮಾಡುತ್ತದೆ, ಆಗ ಶಕ್ತಿ ತಗ್ಗುತ್ತದೆ. ಮಾಲೀಕರ ಪಿಕಪ್ ಹೋಗುತ್ತಿದ್ದದ್ದು ಹೀಗೆ. ಮೊದಲೇ ನಮ್ಮ ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಗೋವಾದ ಕಡಲ ದಂಡೆಗಿಂತ ಇಲ್ಲಿಯ ಗಾಳಿಯೇ ತೆಳುವು.

ಕೊಳವೆಯ ಬಾಯಿಯನ್ನು ಗಾಳಿಗೆ ಎದುರಾಗಿ ಇಟ್ಟರೆ ವೇಗಕ್ಕೆ ಗಾಳಿ ತಾನೇ ಒತ್ತಿಕೊಂಡು ಬಂದು ಶಕ್ತಿ ಏರುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಆ ಒತ್ತಡ ಸುಮಾರು 460 ಪಾಸ್ಕಲ್; ಪಾಸ್ಕಲ್ ಅಂದರೆ ಒತ್ತಡದ ಅಳತೆ. ವಾತಾವರಣದ ಒತ್ತಡ ಒಂದು ಲಕ್ಷ ಪಾಸ್ಕಲ್ ಆಸುಪಾಸು. ಅರ್ಧ ಪರ್ಸೆಂಟಿನಷ್ಟೇ ಲಾಭ. ಗಾಳಿಯನ್ನು 30 ಡಿಗ್ರಿ ತಂಪು ಮಾಡುವುದರ ಮುಂದೆ ಇದು ಏನೂ ಅಲ್ಲ.

ಹಾಗಾದರೆ ತಂಪು ಗಾಳಿ ಎಲ್ಲಿಂದ ತರಬೇಕು? ಕಾರಿನ ಮೈಮೇಲೆ ಗಾಳಿ ಹೇಗೆ ಹರಿಯುತ್ತದೆ ಎಂದು ನೋಡಲು ಸ್ವೆಟರ್ ಹೆಣೆಯುವ ಉಣ್ಣೆಯ ದಾರವನ್ನು ಬೆರಳುದ್ದ ಕತ್ತರಿಸಿ, ಕಾರಿನ ಹಿಂಭಾಗಕ್ಕೆಲ್ಲ ಟೇಪಿನಿಂದ ಅಂಟಿಸಿ ಓಡಿಸಿದೆವು. ಪಕ್ಕದ ಗಾಡಿಯಿಂದ ನಮ್ಮ ಹುಡುಗ ಮೊಬೈಲಿನಲ್ಲಿ ಚಿತ್ರ ತೆಗೆದ. ಹಿಂಗಾಜಿನ ಬುಡದ ದಾರಗಳು ದಿಕ್ಕುಗೆಟ್ಟು ಕುಣಿದವು, ಕೆಲವು ಮುಂದಕ್ಕೇ ತಿರುಗಿದವು. ಅಲ್ಲಿ ತೂತು ಕೊರೆದಿದ್ದರೆ ಕೆಲಸ ಕೆಡುತ್ತಿತ್ತು. ಹಿಂದಿನ ಗಾಲಿಯ ಮೇಲಿನ ಮಗ್ಗುಲಲ್ಲಿ ದಾರಗಳು ನೇರವಾಗಿ ಮಲಗಿದ್ದವು. ಗಾಳಿಯ ಬಾಯಿಗೆ ಅದೇ ಜಾಗ ಆರಿಸಿದೆವು. 1996ರಲ್ಲಿ ಬಂದ ಪೋರ್ಷೆ ಬಾಕ್ಸ್‌ಸ್ಟರ್ ಕೂಡ ಉಸಿರೆಳೆಯುವುದು ಮಗ್ಗುಲಿನಿಂದಲೇ. 1987ರ ಫೆರಾರಿ ಎಫ್40 ಕಾರಿನ ಮೈಮೇಲೆ ತ್ರಿಕೋನವಾಗಿ ಒಳಗೆ ಇಳಿದಿರುವ ಗಾಳಿಗುಂಡಿಗಳು ಕಾಣುತ್ತವೆ. ಅವುಗಳ ಆಕಾರ 1945ರಲ್ಲಿ ಅಮೆರಿಕದ ವಿಮಾನ ಸಂಶೋಧಕರು ಪರೀಕ್ಷಿಸಿ ರೂಪಿಸಿದ್ದು.

ಒಂದು ಮಿಲಿಮೀಟರ್ ಅಲ್ಯೂಮಿನಿಯಂ ತಗಡಿನಿಂದ ಡಬ್ಬಿ ಮಾಡಿ, ಫಿಲ್ಟರನ್ನು ಪೂರ್ತಿ ಮುಚ್ಚಿ, ಅಂಚಿಗೆಲ್ಲ ರಬ್ಬರ್ ಬೀಡಿಂಗ್ ಕೊಟ್ಟೆವು. ಈ ರಬ್ಬರಿನ ವಿಷಯದಲ್ಲಿ ದಯವಿಟ್ಟು ಉದಾಸೀನ ಮಾಡಬೇಡಿ. ಸಂದು ಬಿಟ್ಟರೆ ಎಂಜಿನ್ ಸುತ್ತಲಿನ ಬಿಸಿ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಡಬ್ಬಿಯಿಂದ ಮಗ್ಗುಲಿನ ಬಾಯಿಗೆ ದಪ್ಪ ಹೋಸ್ ಎಳೆದು, ಸೈಲೆನ್ಸರ್ ಕಡೆಗೆ ಇನ್ನೊಂದು ತಗಡನ್ನು ಗೋಡೆಯಂತೆ ನಿಲ್ಲಿಸಿದೆವು.

ಬಾಯಿಯನ್ನು ಕೆಳಗಿಟ್ಟಿದ್ದರೆ ಹೋಸ್ ಗಿಡ್ಡದಾಗುತ್ತಿತ್ತು. ನಾನು ಒಪ್ಪಲಿಲ್ಲ. ಕಬ್ಬಿನ ಹೊಲದ ಟ್ರ್ಯಾಕ್ಟರ್ ನೋಡಿ, ಉಸಿರುಗೊಳವೆ ಬಾನೆಟ್ಟಿನ ಮೇಲೆ ಗೋಣು ಎತ್ತಿ ನಿಂತಿರುತ್ತದೆ. ಧೂಳು ಕೆಳಗೇ ಹೆಚ್ಚು. ಮೇಲಾಗಿ ಬೆಳಗಾವಿಯ ಜುಲೈ ಮಳೆ! ನೀರನ್ನು ಪಿಸ್ಟನ್ ಒತ್ತಿ ಕುಗ್ಗಿಸಲಾರದು; ಸಿಲಿಂಡರಿಗೆ ನೀರು ತುಂಬಿದರೆ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ಅದಕ್ಕೇ ಬಾಯಿ ಎತ್ತರದಲ್ಲಿ, ಡಬ್ಬಿಯ ತಳದಲ್ಲಿ ನೀರಿಳಿಯಲು ಸಣ್ಣ ತೂತು.

ಮತ್ತೆ ಅದೇ ಸರ್ಕಲ್, ಅದೇ ಮಧ್ಯಾಹ್ನದ ಹೊತ್ತು, ಅದೇ ಹತ್ತು ನಿಮಿಷ. 68 ಇದ್ದದ್ದು 51ಕ್ಕೆ ಇಳಿಯಿತು. ಹೊರಟು ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ 39. ನಿಂತಾಗಿನ ಆ 51 ನನ್ನನ್ನು ಇನ್ನೂ ಕಾಡುತ್ತಿದೆ. ಕಾರು ನಿಂತರೆ ಗಾಳಿಯೂ ನಿಲ್ಲುತ್ತದೆ, ಎಂಜಿನ್ ಕೋಣೆಯ ಝಳ ಡಬ್ಬಿಯ ತಗಡನ್ನೇ ಕಾಯಿಸುತ್ತದೆ. ಆ ಝಳವನ್ನು ಹೊರಗೆ ತಳ್ಳುವ ಫ್ಯಾನ್ ಬೇಕು. ಎದುರು ಮಗ್ಗುಲಲ್ಲಿ ಅದಕ್ಕೆ ಜಾಗ ಅಳೆದಿಟ್ಟಿದ್ದೇವೆ. ಮಾಲೀಕರು ದೀಪಾವಳಿ ಆದಮೇಲೆ ಕಾರು ತರುತ್ತೇನೆ ಅಂದಿದ್ದಾರೆ.

ನಮಸ್ಕಾರ.