ಒಬ್ಬರೇ ಗ್ರಾಹಕರು, ಮೂರು ಪಟ್ಟಿಗಳು

ಎಲ್ಲರಿಗೂ ನಮಸ್ಕಾರ.

ಒಂದು ಮುಜುಗರದ ಪ್ರಸಂಗದಿಂದಲೇ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಂಪನಿಗೆ ಗ್ರಾಹಕರೊಬ್ಬರು ಮೂರು ಸ್ಕ್ರೀನ್‌ಶಾಟ್ ಕಳಿಸಿದ್ದರು. ಮೂರೂ ನಾವು ಒಂದೇ ದಿನ ಅವರಿಗೆ ಕಳಿಸಿದ್ದ ಇಮೇಲ್‌ಗಳು. ಬೆಳಿಗ್ಗೆ ‘ನಮ್ಮ ಬಳಗಕ್ಕೆ ಸ್ವಾಗತ’. ಮಧ್ಯಾಹ್ನ ‘ನಿಮ್ಮನ್ನು ನೋಡಿ ತುಂಬಾ ದಿನ ಆಯ್ತು’. ಸಂಜೆ, ಹಿಂದಿನ ದಿನವಷ್ಟೇ ಪೂರ್ತಿ ಬೆಲೆ ಕೊಟ್ಟು ಕೊಂಡಿದ್ದ ವಸ್ತುವಿಗೇ ರಿಯಾಯಿತಿ ಕೂಪನ್! ಕೆಳಗೆ ಒಂದೇ ಸಾಲು ಬರೆದಿದ್ದರು: ‘ನಾನು ಯಾರು ಅಂತ ನಿಮಗೆ ಗೊತ್ತಾ?’

ನಾವು ಗಾಬರಿಯಿಂದ ಓವರ್‌ಲ್ಯಾಪ್ ವರದಿ, ಅಂದರೆ ಎರಡು ಪಟ್ಟಿಗಳಲ್ಲೂ ಇರುವವರನ್ನು ಎಣಿಸುವ ವರದಿ, ತೆಗೆದು ನೋಡಿದೆವು. ‘ಹೊಸ ಗ್ರಾಹಕರು’ ಮತ್ತು ‘ದೂರವಾದ ಗ್ರಾಹಕರು’, ಈ ಎರಡು ಸೆಗ್ಮೆಂಟ್‌ಗಳಿಗೂ, ಅಂದರೆ ಗ್ರಾಹಕರನ್ನು ವಿಂಗಡಿಸಿದ ಗುಂಪುಗಳಿಗೂ, ಸೇರಿದವರು ಎಷ್ಟು? ಸೊನ್ನೆ. ವರದಿ ಸರಿಯಾಗಿಯೇ ಇತ್ತು, ಎಣಿಸಿದ್ದು ಮಾತ್ರ ತಪ್ಪು ವಸ್ತುವನ್ನು. ನಾವು ಎಣಿಸಿದ್ದು ಖಾತೆಗಳನ್ನು, ಮನುಷ್ಯರನ್ನಲ್ಲ. ಅವರಿಗೆ ಹಳೆಯ ಇಮೇಲ್‌ನಲ್ಲಿ ಒಂದು ಖಾತೆ ಇತ್ತು, ಹೊಸ ಇಮೇಲ್‌ನಲ್ಲಿ ಇನ್ನೊಂದು. ಎರಡರಲ್ಲೂ ಫೋನ್ ನಂಬರ್ ಒಂದೇ. ಆ ನಂಬರ್ ಹಿಡಿದು ಮತ್ತೆ ಎಣಿಸಿದಾಗ ಸೊನ್ನೆ ಹೋಗಿ ಸಾವಿರಾರು ಜನ ಎದ್ದು ಬಂದರು.

ಹಾಗಾಗಿ ಓವರ್‌ಲ್ಯಾಪ್ ಬಗ್ಗೆ ಮಾತಾಡುವ ಮೊದಲು ಒಂದು ಪ್ರಶ್ನೆ ಕೇಳಿ: ನಮ್ಮ ಡೇಟಾದಲ್ಲಿ ‘ಒಬ್ಬರು’ ಅಂದರೆ ಏನು? ಇಮೇಲ್ ವಿಳಾಸವಾ, ಫೋನ್ ನಂಬರಾ, ವೆಬ್‌ಸೈಟ್ ನಮ್ಮ ಸಾಧನದಲ್ಲಿ ಇಟ್ಟುಹೋಗುವ ಗುರುತು, ಅಂದರೆ ಬ್ರೌಸರ್ ಕುಕಿಯಾ? ಕುಕಿ ಆದರೆ ಒಬ್ಬರೇ ಫೋನಲ್ಲೊಬ್ಬರು, ಲ್ಯಾಪ್‌ಟಾಪಲ್ಲೊಬ್ಬರು ಆಗಿಬಿಡುತ್ತಾರೆ. ಮನೆಯವರೆಲ್ಲ ಒಂದೇ ಟ್ಯಾಬ್ಲೆಟ್ ಬಳಸಿದರೆ ನಾಲ್ಕು ಜನ ಸೇರಿ ಒಬ್ಬರಾಗುತ್ತಾರೆ. ಮೊದಲನೆಯದರಲ್ಲಿ ಓವರ್‌ಲ್ಯಾಪ್ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ, ಎರಡನೆಯದರಲ್ಲಿ ಜಾಸ್ತಿ.

ಈಗ ಸ್ವಲ್ಪ ಲೆಕ್ಕ. ಭಯ ಬೇಡ, ಶಾಲೆಯ ಲೆಕ್ಕವೇ. ನಿಮ್ಮ ಹತ್ತಿರ ಒಟ್ಟು 50,000 ಗ್ರಾಹಕರು ಇದ್ದಾರೆ ಅಂದುಕೊಳ್ಳಿ. ಕಾರ್ಟ್‌ನಲ್ಲಿ ವಸ್ತು ಇಟ್ಟು ಕೊಳ್ಳದೆ ಬಿಟ್ಟವರು 10,000. ಪದೇ ಪದೇ ಕೊಳ್ಳುವವರು 2,000. ಎರಡೂ ಕಡೆ ಇರುವವರು 1,500. ಎರಡು ಪಟ್ಟಿಗೂ ಸಂದೇಶ ಕಳಿಸಿದರೆ ತಲುಪುವುದು ಎಷ್ಟು ಜನರಿಗೆ? 12,000 ಅಲ್ಲ, 10,500. ನಡುವಿನ 1,500 ಜನರನ್ನು ಎರಡು ಸಲ ಎಣಿಸಿದ್ದೇವೆ, ಒಂದು ಸಲ ಕಳೆಯಬೇಕು.

ಅಷ್ಟು ಎಲ್ಲರಿಗೂ ಗೊತ್ತು. ಎಡವುವುದು ಮುಂದಿನ ಹೆಜ್ಜೆಯಲ್ಲಿ. ಮೀಟಿಂಗ್‌ನಲ್ಲಿ ಯಾರೋ ‘ಓವರ್‌ಲ್ಯಾಪ್ 15 ಪರ್ಸೆಂಟ್ ಅಷ್ಟೇ, ಬಿಡಿ’ ಅಂತಾರೆ. ಯಾವ ಕಡೆಯಿಂದ 15? ಕಾರ್ಟ್ ಬಿಟ್ಟವರ ಕಡೆಯಿಂದ. ಪದೇ ಪದೇ ಕೊಳ್ಳುವವರ ಕಡೆಗೆ ಬಂದು ನಿಂತರೆ ಅದೇ 1,500 ಜನ 75 ಪರ್ಸೆಂಟ್! ಒಂದು ಟೀಮಿಗೆ ಚಿಲ್ಲರೆ, ಇನ್ನೊಂದಕ್ಕೆ ಮುಕ್ಕಾಲು ಪಾಲು. ಒಂದೇ ಅಂಕಿ ತೋರಿಸುವ ಡ್ಯಾಶ್‌ಬೋರ್ಡ್‌ಗಳೂ ಇವೆ. ಅವುಗಳಲ್ಲಿ ಕೆಲವು ತೋರಿಸುವುದು ಜಕ್ಕಾರ್ಡ್ ಸೂಚ್ಯಂಕ: ಎರಡರಲ್ಲೂ ಇರುವವರನ್ನು ಎರಡೂ ಸೇರಿದ ಒಟ್ಟು ಜನರಿಂದ ಭಾಗಿಸುವುದು. ಇಲ್ಲಿ ಅದು ಸುಮಾರು 14 ಪರ್ಸೆಂಟ್. ಅಂದ ಹಾಗೆ, ಪಾಲ್ ಜಕ್ಕಾರ್ಡ್ ಮಾರ್ಕೆಟಿಂಗ್‌ನವರಲ್ಲ, ಸ್ವಿಟ್ಜರ್ಲೆಂಡ್‌ನ ಸಸ್ಯವಿಜ್ಞಾನಿ. 1901ರಲ್ಲಿ ಆಲ್ಪ್ಸ್ ಬೆಟ್ಟಗಳಲ್ಲಿ ಎಲ್ಲೆಲ್ಲಿ ಯಾವ ಗಿಡಗಳಿವೆ ಅಂತ ಹೋಲಿಸಲು ಮಾಡಿಕೊಂಡ ಅಳತೆ ಇದು. ಒಳ್ಳೆಯ ಅಳತೆಯೇ. ಆದರೆ ಒಂದು ಪಟ್ಟಿ ದೊಡ್ಡದು, ಇನ್ನೊಂದು ಚಿಕ್ಕದು ಇದ್ದಾಗ ಚಿಕ್ಕದರ ಕಥೆಯನ್ನು ನುಂಗಿಬಿಡುತ್ತದೆ. ಅದಕ್ಕೇ ನಾನು ಎರಡೂ ಕಡೆಯ ಪರ್ಸೆಂಟ್ ಕೇಳುತ್ತೇನೆ.

ಇನ್ನೊಂದು ಪ್ರಶ್ನೆ: 1,500 ಜಾಸ್ತಿಯಾ, ಕಡಿಮೆಯಾ? ಎರಡು ಗುಣಗಳಿಗೂ ಸಂಬಂಧವೇ ಇಲ್ಲದಿದ್ದರೆ ಆಕಸ್ಮಿಕವಾಗಿ ಎಷ್ಟು ಜನ ಎರಡೂ ಕಡೆ ಬೀಳುತ್ತಿದ್ದರು? 10,000ವನ್ನು 2,000ದಿಂದ ಗುಣಿಸಿ, 50,000ದಿಂದ ಭಾಗಿಸಿ. 400. ನಮಗೆ ಸಿಕ್ಕಿದ್ದು 1,500. ಅಂದರೆ ಸುಮಾರು ನಾಲ್ಕು ಪಟ್ಟು. ಇದನ್ನು ಲಿಫ್ಟ್ ಅನ್ನುತ್ತಾರೆ. ಇಲ್ಲೇನೋ ಇದೆ ಅಂತ ಅನುಮಾನ ಪಡಬೇಕಾದ್ದು ಈ ಅಂಕಿ ನೋಡಿ.

ಏನಿರಬಹುದು? ಪದೇ ಪದೇ ಕೊಳ್ಳುವವರಲ್ಲಿ ಅನೇಕರು ಕಾರ್ಟನ್ನು ಸಾಮಾನಿನ ಚೀಟಿಯ ಹಾಗೆ ಬಳಸುತ್ತಾರೆ. ನೆನಪಾದಾಗ ಒಂದೊಂದು ಹಾಕಿಡುತ್ತಾರೆ, ವಾರದ ಕೊನೆಗೆ ಒಟ್ಟಿಗೆ ಕೊಳ್ಳುತ್ತಾರೆ. ಅವರು ಏನನ್ನೂ ‘ಬಿಟ್ಟು ಹೋಗಿಲ್ಲ’, ನಮ್ಮ ಸೆಗ್ಮೆಂಟ್ ಹಾಗೆ ಹೆಸರಿಟ್ಟಿದೆ ಅಷ್ಟೇ. ಅವರಿಗೆ ‘ಮರೆತಿರಾ? ಇಗೋ ಕೂಪನ್’ ಅಂತ ಕಳಿಸಿದರೆ ಹೇಗೂ ಕೊಳ್ಳುತ್ತಿದ್ದವರಿಗೆ ಸುಮ್ನೆ ದುಡ್ಡು ಕೊಟ್ಟ ಹಾಗೆ. ಅದಕ್ಕಿಂತ ಕೆಟ್ಟದ್ದು, ಎರಡು ದಿನ ಕಾದರೆ ಕೂಪನ್ ಬರುತ್ತೆ ಅಂತ ನಾವೇ ಅಭ್ಯಾಸ ಮಾಡಿಸುತ್ತೇವೆ. ಕಾರ್ಟ್ ಟೀಮಿನ ಪಟ್ಟಿಯನ್ನು ಮಾತ್ರ ನೋಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಆ ಪಟ್ಟಿಯಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಾರೆ.

ಅದಕ್ಕೇ ಹೇಳುವುದು, ಓವರ್‌ಲ್ಯಾಪ್ ಅಂದರೆ ಗುಡಿಸಿ ಹಾಕಬೇಕಾದ ಕಸ ಅಲ್ಲ. ಜನ ಒಂದೇ ಡಬ್ಬದಲ್ಲಿ ಕೂರುವುದಿಲ್ಲ, ಅಲ್ವಾ? ಆದರೆ ಇರಲೇಬಾರದ ಓವರ್‌ಲ್ಯಾಪ್‌ಗಳೂ ಇವೆ. ‘ಕಳೆದ 30 ದಿನದಲ್ಲಿ ಕೊಂಡವರು’ ಮತ್ತು ‘90 ದಿನದಿಂದ ಕೊಳ್ಳದವರು’, ಒಬ್ಬರೇ ಎರಡರಲ್ಲೂ ಇರಲು ಸಾಧ್ಯವಿಲ್ಲ. ಆದರೂ ಇರುತ್ತಾರೆ! ಮೊದಲನೆಯ ಪಟ್ಟಿ ಪ್ರತಿ ರಾತ್ರಿ ಹೊಸದಾಗುತ್ತದೆ, ಎರಡನೆಯದು ವಾರಕ್ಕೊಮ್ಮೆ. ಮಂಗಳವಾರ ಕೊಂಡವರು ಭಾನುವಾರದವರೆಗೂ ‘ಕೊಳ್ಳದವರು’ ಆಗಿಯೇ ಉಳಿಯುತ್ತಾರೆ. ಇಂಥ ಜೋಡಿಗಳನ್ನು ಬರೆದಿಟ್ಟುಕೊಂಡು ದಿನಾ ಎಣಿಸಿ. ಸೊನ್ನೆ ಅಲ್ಲದ್ದು ಬಂದ ದಿನ ಎಲ್ಲೋ ಪೈಪ್ ಸೋರುತ್ತಿದೆ ಅಂತ ಅರ್ಥ.

ಓವರ್‌ಲ್ಯಾಪನ್ನು ಒಂದರೊಳಗೊಂದು ಹಾಯುವ ವೃತ್ತಗಳಾಗಿ ಬಿಡಿಸುತ್ತಾರಲ್ಲ, ಸೆಗ್ಮೆಂಟ್‌ಗಳು ಹೆಚ್ಚಿದಂತೆ ಆ ಚಿತ್ರ ಬಿಡಿಸುವುದು ಕಷ್ಟ. ಮೂರು ವೃತ್ತಕ್ಕೆ 7 ಭಾಗ. ಐದು ಸೆಗ್ಮೆಂಟ್‌ಗೆ 31, ಹತ್ತಕ್ಕೆ 1,023. ನಾಲ್ಕಕ್ಕೇ ಬರೀ ವೃತ್ತಗಳಿಂದ ಎಲ್ಲ ಭಾಗ ತೋರಿಸಲು ಆಗುವುದಿಲ್ಲ. ಯಾರಾದರೂ ಸ್ಲೈಡಿನಲ್ಲಿ ಆರು ಬಣ್ಣದ ವೃತ್ತ ಹಾಕಿದರೆ ಮೆಚ್ಚಿ, ಆದರೆ ನಂಬಬೇಡಿ. ಯಾವ ಯಾವ ಸೆಗ್ಮೆಂಟ್‌ಗಳು ಸೇರಿದ ಕಡೆ ಎಷ್ಟು ಜನ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಒಂದು ಕೋಷ್ಟಕ ಮಾಡಿದರೆ ಸಾಕು. ಕೆಳಗಿನ ಸಾಲುಗಳಲ್ಲಿ ಮೂರು, ನಾಲ್ಕು ಜನ ಸಿಗುತ್ತಾರೆ, ಅವನ್ನು ಯಾರಿಗೂ ತೋರಿಸಬೇಡಿ. ಐದು ಗುಣ ಸೇರಿದಾಗ ಆ ಮೂವರು ಯಾರೆಂದು ಸುಲಭವಾಗಿ ಗುರುತು ಸಿಕ್ಕಿಬಿಡುತ್ತದೆ.

ಇನ್ನು ಫಲಿತಾಂಶದ ಜಗಳ. ನಡುವಿನವರು ಒಂದು ವಸ್ತು ಕೊಂಡರೆ ಮೂರು ಕ್ಯಾಂಪೇನ್‌ನವರೂ ‘ಇದು ನಮ್ಮದು’ ಅಂತಾರೆ. ಎಲ್ಲರ ವರದಿ ಕೂಡಿಸಿದರೆ ಮಾರಾಟ ಗಲ್ಲಾಪೆಟ್ಟಿಗೆಗೆ ಬಿದ್ದ ಹಣಕ್ಕಿಂತ ಜಾಸ್ತಿ ಬರುತ್ತದೆ! ಇದಕ್ಕೆ ವಾದ ಮಾಡಿ ಪ್ರಯೋಜನವಿಲ್ಲ. ಆ ನಡುವಿನ ಗುಂಪಿನಲ್ಲೇ ಚೀಟಿ ಎತ್ತಿದ ಹಾಗೆ ಒಂದಷ್ಟು ಜನರನ್ನು ಆರಿಸಿ, ಅವರಿಗೆ ಏನನ್ನೂ ಕಳಿಸಬೇಡಿ. ಅವರು ಎಷ್ಟು ಕೊಂಡರು, ಉಳಿದವರು ಎಷ್ಟು ಕೊಂಡರು, ಹೋಲಿಸಿ. ಆ ವ್ಯತ್ಯಾಸ ಮಾತ್ರ ನಿಮ್ಮ ದುಡಿಮೆ.

ಯಾರಿಗೆ ಯಾವ ಸಂದೇಶ ಅನ್ನುವುದಕ್ಕೆ ನಮ್ಮಲ್ಲಿ ಆಮೇಲೆ ಒಂದು ಸರದಿ ಮಾಡಿದೆವು. ದೂರು ಬಾಕಿ ಇದ್ದರೆ ಮಾರಾಟದ ಮಾತೇ ಇಲ್ಲ. ನಿನ್ನೆ ಕೊಂಡವರಿಗೆ ಒಂದು ವಾರ ಕೂಪನ್ ಇಲ್ಲ. ಉಳಿದದ್ದರಲ್ಲಿ ದಿನಕ್ಕೆ ಒಂದೇ ಸಂದೇಶ. ಮೊದಲ ತಿಂಗಳು ಟೀಮುಗಳೆಲ್ಲ ಮುನಿಸಿಕೊಂಡವು, ‘ನಮ್ಮ ಪಟ್ಟಿ ಚಿಕ್ಕದಾಯ್ತು’ ಅಂತ. ನಿಜ, ಚಿಕ್ಕದಾಗಿತ್ತು.

ಆ ಮೂರು ಸ್ಕ್ರೀನ್‌ಶಾಟಿನ ಗ್ರಾಹಕರ ಎರಡು ಖಾತೆಗಳನ್ನು ಅವರನ್ನು ಕೇಳಿಯೇ ಒಂದು ಮಾಡಿದೆವು. ಮರುದಿನ ಹೊಸ ಸರದಿಯಲ್ಲಿ ಅವರ ಹೆಸರು ಹಾಕಿ ನೋಡಿದೆ. ದೂರು ಬಾಕಿ ಇತ್ತಲ್ಲ, ಹಾಗಾಗಿ ಯಾವ ಪಟ್ಟಿಯಿಂದಲೂ ಅವರಿಗೆ ಏನೂ ಹೋಗುವಂತಿರಲಿಲ್ಲ. ಕ್ಷಮೆ ಕೇಳಲು ನಾನೇ ಫೋನ್ ಮಾಡಬೇಕಾಯಿತು.

ಪ್ರಶ್ನೆಗಳಿದ್ದರೆ ಕೇಳಿ.